ಜನರೇಟರ್ ಬಿಸಿಯಾಗಿ ನಿಲ್ಲುತ್ತಿದ್ದರೆ ಮೊದಲು ಕೋಣೆ ನೋಡಿ

ದೂರು ಹೆಚ್ಚಾಗಿ ಹೀಗೇ ಇರುತ್ತದೆ. "ಕರೆಂಟು ಹೋದ ಕೂಡಲೇ ಜನರೇಟರ್ ಸ್ಟಾರ್ಟ್ ಆಗ್ತದೆ ಮಾರಾಯ್ರೇ, ಅದಕ್ಕೇನೂ ತೊಂದರೆ ಇಲ್ಲ. ಮುಕ್ಕಾಲು ಗಂಟೆ ಓಡಿ ಆಮೇಲೆ ಹೈ ಟೆಂಪರೇಚರ್ ಅಂತ ತೋರಿಸಿ ನಿಂತುಬಿಡ್ತದೆ." ಹೇಳುವವರು ನಮ್ಮ ಕಾಸರಗೋಡಿನ ಕುಂಬಳೆ ಕಡೆಯ ಮದುವೆ ಹಾಲ್‌ನವರು ಇರಬಹುದು, ಉಪ್ಪಳದ ಕಾಂಪ್ಲೆಕ್ಸ್‌ನವರು ಇರಬಹುದು, ಬದಿಯಡ್ಕದ ಆಸ್ಪತ್ರೆಯವರೂ ಇರಬಹುದು. ಅಷ್ಟರಲ್ಲಿ ಮೆಕ್ಯಾನಿಕ್ ಬಂದು ರೇಡಿಯೇಟರ್ ತೊಳೆದಿರುತ್ತಾನೆ, ಬೆಲ್ಟ್ ಬದಲಿಸಿರುತ್ತಾನೆ. ಕೊನೆಗೆ ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕೂಡ ಕಿತ್ತು ಹೊರಗೆ ಇಟ್ಟಿರುತ್ತಾನೆ. ಆದರೂ ಜನರೇಟರ್ ನಡುವೆ ನಿಂತುಬಿಡುವುದು ತಪ್ಪಿರುವುದಿಲ್ಲ.

ಇಂಥ ಕಡೆ ನಾನು ಎಂಜಿನ್‌ಗೆ ಸ್ಪ್ಯಾನರ್ ಹಾಕುವ ಮೊದಲು ಕೋಣೆಯ ಗೋಡೆ ನೋಡುತ್ತೇನೆ. ನಮ್ಮ ಕಡೆ ಜನರೇಟರ್ ಕೋಣೆ ಅಂದರೆ ಕಟ್ಟಡ ಮುಗಿದ ಮೇಲೆ ಉಳಿದ ಮೂಲೆ. ನಾಲ್ಕು ಕಡೆ ಕೆಂಪು ಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಒಂದು ಕಬ್ಬಿಣದ ಬಾಗಿಲು, ಒಂದು ಸಣ್ಣ ಗ್ರಿಲ್. ಮಳೆ ಒಳಗೆ ಬರುತ್ತದೆ ಅಂತ ಗ್ರಿಲ್‌ಗೆ ಅರ್ಧ ಪ್ಲೈವುಡ್, ಸೊಳ್ಳೆ ಬರುತ್ತದೆ ಅಂತ ಉಳಿದರ್ಧಕ್ಕೆ ಬಲೆ. ಎಂಜಿನ್ ಉಸಿರಾಡುವುದು ಎಲ್ಲಿಂದ?

ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ನೋಡುತ್ತೇವೆ, ಆಗ ಏನೂ ಆಗುವುದಿಲ್ಲ ಅನ್ನುತ್ತಾರೆ. ಆಗುವುದೇ ಇಲ್ಲ. ಲೋಡ್ ಇಲ್ಲದೆ ಓಡಿಸಿದರೆ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಎಸಿಗಳನ್ನೆಲ್ಲ ಹಾಕಿ, ಕನಿಷ್ಠ ಒಂದು ಗಂಟೆ ಓಡಿಸಬೇಕು. ಕೋಣೆಯ ಗೋಡೆ, ಸ್ಲ್ಯಾಬ್ ಎಲ್ಲ ಕಾದ ಮೇಲೆಯೇ ನಿಜವಾದ ಲೆಕ್ಕ ಸಿಗುವುದು.

ಶುರು ಮಾಡುವ ಮೊದಲು

ಬಾಗಿಲು ಮುಚ್ಚಿ ಓಡಿಸುವ ಪರೀಕ್ಷೆಯಲ್ಲಿ ಯಾರೂ ಒಳಗೆ ನಿಂತಿರಬಾರದು. ಎಕ್ಸಾಸ್ಟ್ ಎಲ್ಲಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಶುರುವಾದರೆ ತಕ್ಷಣ ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ. ಮುಂಡು ಉಟ್ಟು, ಹೆಗಲ ಮೇಲೆ ಬೈರಾಸು ಹಾಕಿಕೊಂಡು ಫ್ಯಾನ್ ಹತ್ತಿರ ಹೋಗಬೇಡಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆಯಬೇಡಿ. ಇದನ್ನೆಲ್ಲ ಹೇಳಬೇಕಾ ಅಂತ ಅನ್ನಿಸಬಹುದು, ಹೇಳಲೇಬೇಕು.

ಬೇಕಾಗುವ ಸಾಮಾನು

ವಯರ್ ಇರುವ ಪ್ರೋಬ್‌ನ ಮೂರು ಡಿಜಿಟಲ್ ಥರ್ಮಾಮೀಟರ್, ಒಂದು ಕಟ್ಟು ಊದುಬತ್ತಿ, ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್. ಇಷ್ಟೇ ಸಾಕು.

ಗನ್ ಥರ್ಮಾಮೀಟರ್ ಇದ್ದರೆ ಅದರಿಂದ ಗಾಳಿಯ ಬಿಸಿ ಅಳೆಯಲು ಹೋಗಬೇಡಿ. ಅದು ಎದುರಿಗೆ ಸಿಕ್ಕ ವಸ್ತುವಿನ ಮೈ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ಬೇರೆ ದಾರಿ ಇಲ್ಲದಿದ್ದರೆ ಗಾಳಿ ಹರಿಯುವ ಜಾಗದಲ್ಲಿ ಒಂದು ರಟ್ಟಿನ ತುಂಡು ತೂಗುಹಾಕಿ, ಐದು ನಿಮಿಷ ಬಿಟ್ಟು ಆ ರಟ್ಟಿಗೆ ಗುರಿ ಇಡಿ. ಇನ್ನೊಂದು ಮಾತು: ಯಾವ ಪ್ರೋಬ್ ಕೂಡ ಸೈಲೆನ್ಸರ್ ಪೈಪಿಗೆ ನೇರ ಎದುರಾಗಿ ಇರಬಾರದು. ಪೈಪಿನ ಕಾವು ತಾಗಿ ಸುಳ್ಳು ಅಂಕಿ ಬರುತ್ತದೆ.

ಮೂರು ಜಾಗದ ಬಿಸಿ

ಮೊದಲನೆಯದು ಹೊರಗೆ ನೆರಳಿನಲ್ಲಿ, ಗಾಳಿ ಒಳಗೆ ಹೋಗುವ ಗ್ರಿಲ್‌ನ ಹತ್ತಿರ. ಎರಡನೆಯದು ರೇಡಿಯೇಟರ್‌ಗೆ ಗಾಳಿ ಹೋಗುವ ಕಡೆ, ಅಂದರೆ ಎಂಜಿನ್ ಫ್ಯಾನ್‌ನ ಹಿಂದೆ. ಮೂರನೆಯದು ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಭಾಗ) ಗಾಳಿ ಎಳೆದುಕೊಳ್ಳುವ ಜಾಗದಲ್ಲಿ. ಜೊತೆಗೆ ಪ್ಯಾನೆಲ್‌ನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ನೀರು) ಬಿಸಿ ಎಷ್ಟು ಅಂತ ಐದೈದು ನಿಮಿಷಕ್ಕೆ ಬರೆದಿಡಿ.

ಹೊರಗೆ 34 ಡಿಗ್ರಿ ಇದೆ ಅಂದುಕೊಳ್ಳಿ. ಆಲ್ಟರ್ನೇಟರ್ ಹತ್ತಿರ 36, ಫ್ಯಾನ್ ಹಿಂದೆ 42 ಬಂದರೆ ಕೋಣೆ ಸರಿ ಇದೆ. ಎಂಜಿನ್ ಮೈ ಮೇಲೆ ಹರಿದು ಬರುವಾಗ ಗಾಳಿ ಐದರಿಂದ ಹತ್ತು ಡಿಗ್ರಿ ಏರುವುದು ಸಹಜ. ಹಾಗಿದ್ದೂ ಕೂಲೆಂಟ್ 100ರ ಆಸುಪಾಸಿಗೆ ಹೋಗಿ ಟ್ರಿಪ್ ಆಗುತ್ತಿದ್ದರೆ ದೋಷ ಎಂಜಿನ್‌ನದೇ ಇರಬೇಕು. ರೇಡಿಯೇಟರ್ ಕಟ್ಟಿಕೊಂಡಿರಬಹುದು, ಬೆಲ್ಟ್ ಜಾರುತ್ತಿರಬಹುದು, ವಾಟರ್ ಪಂಪ್ ಹೋಗಿರಬಹುದು.

ಫ್ಯಾನ್ ಹಿಂದೆ 52, 55 ಅಂತ ಬಂದರೆ ಎಂಜಿನ್ ಬಿಚ್ಚಬೇಡಿ. ಅದು ಬಿಸಿ ಗಾಳಿಯನ್ನೇ ಕುಡಿಯುತ್ತಿದೆ.

ಇಲ್ಲಿ ಒಂದು ತಿರುವು ಇದೆ. ಗಾಳಿ ಒಳಗೆ ಬರುವ ದಾರಿ ಕಟ್ಟಿಹೋಗಿದ್ದರೆ ಕೆಲವೊಮ್ಮೆ ಫ್ಯಾನ್ ಹಿಂದಿನ ಗಾಳಿ ಅಷ್ಟೇನೂ ಬಿಸಿ ಇರುವುದಿಲ್ಲ, ಆದರೆ ಅದರ ಪ್ರಮಾಣವೇ ಕಡಿಮೆ ಇರುತ್ತದೆ. ಆಗ ಥರ್ಮಾಮೀಟರ್ ನೋಡಿದರೆ ರೇಡಿಯೇಟರ್ ಕಟ್ಟಿದ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಲೆವೆಲ್ ಪೈಪ್.

ಲೆವೆಲ್ ಪೈಪಿನ ಪರೀಕ್ಷೆ

ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಒಂದು ಹಲಗೆಗೆ ಕಟ್ಟಿ. ಅರ್ಧದವರೆಗೆ ನೀರು ತುಂಬಿ. ಬಟ್ಟೆಗೆ ಹಾಕುವ ನೀಲಿ ಒಂದು ಹನಿ ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಹಲಗೆಯನ್ನು ಹೊರಗೆ ಇಟ್ಟುಕೊಳ್ಳಿ. ಪೈಪಿನ ಒಂದು ತುದಿ ಹೊರಗೇ ಇರಲಿ, ಗಾಳಿ ನೇರವಾಗಿ ಬೀಸದ ಕಡೆ. ಇನ್ನೊಂದನ್ನು ಬಾಗಿಲ ಸಂದಿಯಿಂದ ಕೋಣೆಯೊಳಗೆ ತೂರಿಸಿ. ಬಾಗಿಲು ಮುಚ್ಚಿ, ಲೋಡ್ ಹಾಕಿ ಓಡಿಸಿ.

ಕೋಣೆಗೆ ಗಾಳಿ ಸಾಲದಿದ್ದರೆ ಒಳಗಿನ ಒತ್ತಡ ಇಳಿಯುತ್ತದೆ. ಕೋಣೆಯ ಕಡೆಯ ನೀರು ಮೇಲೇರುತ್ತದೆ. ಎರಡು ಮಟ್ಟಗಳ ನಡುವೆ ಎಷ್ಟು ಮಿಲಿಮೀಟರ್ ಅಂತರ ಇದೆ ನೋಡಿ. ಎರಡು ಮೂರು ಮಿಲಿಮೀಟರ್ ಇದ್ದರೆ ತಲೆಬಿಸಿ ಬೇಡ. ಎಂಟು, ಹತ್ತು ಅಂತ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಯಾಕೆಂದರೆ ಎಂಜಿನ್‌ಗೆ ಕಟ್ಟಿರುವ ರೇಡಿಯೇಟರ್ ಫ್ಯಾನ್‌ಗೆ ಹೊರಗಿನ ಅಡ್ಡಿ ತಡೆಯುವ ಶಕ್ತಿ ಬಹಳ ಕಡಿಮೆ. ಸಾಮಾನ್ಯವಾಗಿ 12 ಮಿಲಿಮೀಟರ್ ನೀರಿನಷ್ಟು, ಅಂದರೆ ಅರ್ಧ ಇಂಚು. ಕೆಲವು ಜನರೇಟರ್ ಸೆಟ್‌ಗಳಿಗೆ ಅದರ ಅರ್ಧವೂ ಇಲ್ಲ. ನಿಮ್ಮ ಸೆಟ್‌ನ ಮ್ಯಾನ್ಯುಯಲ್‌ನಲ್ಲಿ ಎಷ್ಟಿದೆ ನೋಡಿ. ಒಳಗೆ ಬರುವ ಗ್ರಿಲ್, ಹೊರಗೆ ಹೋಗುವ ಡಕ್ಟ್ (ಗಾಳಿಯ ಕೊಳವೆ), ಅದರ ಲೂವರ್ (ಓರೆ ಪಟ್ಟಿಗಳ ಕಿಂಡಿ) ಎಲ್ಲ ಸೇರಿ ಈ ಮಿತಿಯೊಳಗೆ ಇರಬೇಕು. ಒಳಬರುವ ಗ್ರಿಲ್ ಒಂದೇ ಹತ್ತು ತಿಂದುಹಾಕಿದರೆ ಉಳಿದದ್ದಕ್ಕೆ ಏನು ಬಾಕಿ?

ಪೈಪ್ ಇಲ್ಲದಿದ್ದರೂ ಬಾಗಿಲೇ ಹೇಳುತ್ತದೆ. ಒಂದು ಮಿಲಿಮೀಟರ್ ನೀರು ಅಂದರೆ ಚದರ ಮೀಟರ್‌ಗೆ ಒಂದು ಕಿಲೋ ಒತ್ತಡ. ಎರಡು ಚದರ ಮೀಟರ್ ಬಾಗಿಲು, ಹನ್ನೆರಡು ಮಿಲಿಮೀಟರ್ ಇಳಿತ ಇದ್ದರೆ ಬಾಗಿಲ ಮೇಲೆ 24 ಕಿಲೋ ಬೀಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲನ್ನು ಜಗ್ಗಿ ಎಳೆಯಬೇಕಾದರೆ ಅಲ್ಲೇ ಉತ್ತರ ಇದೆ.

ಬಾಗಿಲು ಪೂರ್ತಿ ತೆರೆದಿಟ್ಟು ಇನ್ನೊಂದು ಗಂಟೆ ಓಡಿಸಿ. ಕೂಲೆಂಟ್ ಆರಾಮವಾಗಿ ನಿಂತರೆ ದೋಷ ಕೋಣೆಯದ್ದು. ಬಾಗಿಲು ತೆರೆದರೂ ಅಷ್ಟೇ ಬಿಸಿ, ನೀರಿನ ಅಂತರವೂ ಇಲ್ಲ, ಫ್ಯಾನ್ ಹಿಂದಿನ ಗಾಳಿಯೂ ತಣ್ಣಗೆ ಇದೆ ಅಂದರೆ ಮೆಕ್ಯಾನಿಕ್‌ನನ್ನು ಕರೆಯಿರಿ, ರೇಡಿಯೇಟರ್ ಬಿಚ್ಚಲಿ. ಬಿಚ್ಚುವಾಗ ಫ್ಯಾನ್ ಕಡೆಯ ಮೈ ನೋಡಿ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಎಣ್ಣೆ ಹೊಗೆಯನ್ನು ಫ್ಯಾನ್ ಅಲ್ಲಿಗೇ ಹೊಡೆಯುತ್ತದೆ, ಧೂಳು ಅಂಟಿ ಕಪ್ಪು ಪದರ ಆಗುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ಹೊರಗಿನ ಕಡೆಯಿಂದ ಒಳಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಜೋರು ಪಂಪ್ ಹೊಡೆದರೆ ಫಿನ್ ಬಗ್ಗಿಹೋಗುತ್ತದೆ. ಸಮುದ್ರದ ಬದಿಯಲ್ಲಿ ಅಲ್ಯೂಮಿನಿಯಂ ಫಿನ್‌ಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪು ತಿಂದ ಗುರುತು, ತೊಳೆದರೆ ಸರಿಯಾಗುವುದಿಲ್ಲ.

ಕಿತ್ತಿಟ್ಟ ಥರ್ಮೋಸ್ಟಾಟ್ ವಾಪಸ್ ಹಾಕಿಸಿ. ಅದಿಲ್ಲದಿದ್ದರೆ ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ, ಬಿಸಿ ಇನ್ನೂ ಜಾಸ್ತಿಯಾಗುತ್ತದೆ.

ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವಲ್ಲ!

ಈ ಮಾತು ಕೇಳಿದರೆ ನನಗೆ ಸುಮ್ನೆ ಕೂರಲಾಗುವುದಿಲ್ಲ. ಕೋಣೆ ಬಿಸಿ ಅಂತ ಗೋಡೆಗೆ ಎರಡು ಎಕ್ಸಾಸ್ಟ್ ಫ್ಯಾನ್ ಕೂರಿಸಿರುತ್ತಾರೆ. ಒಳಬರುವ ಗ್ರಿಲ್ ಅಷ್ಟೇ ಸಣ್ಣದು. ಈಗ ರೇಡಿಯೇಟರ್ ಫ್ಯಾನ್ ಮತ್ತು ಎಕ್ಸಾಸ್ಟ್ ಫ್ಯಾನ್ ಒಂದೇ ಗಾಳಿಗೆ ಜಗಳ ಆಡುತ್ತವೆ. ಒಳಗಿನ ಒತ್ತಡ ಇನ್ನೂ ಇಳಿಯುತ್ತದೆ, ರೇಡಿಯೇಟರ್‌ಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಪರೀಕ್ಷೆಗೆ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ನೋಡಿ. ನೀರಿನ ಅಂತರ ಇಳಿದು, ಕೂಲೆಂಟ್ ಕೂಡ ಇಳಿದರೆ ಅವನ್ನು ತೆಗೆದುಬಿಡಿ. ಅಥವಾ ತಿರುಗಿಸಿ, ಆಲ್ಟರ್ನೇಟರ್ ಕಡೆಯ ಗೋಡೆಯಲ್ಲಿ ಹೊರಗಿನ ಗಾಳಿ ಒಳಗೆ ತಳ್ಳುವಂತೆ ಹಾಕಿ.

ಗ್ರಿಲ್ ಎಷ್ಟು ದೊಡ್ಡದು ಬೇಕು?

125 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಸೆಟ್ ತೆಗೆದುಕೊಳ್ಳಿ, ನಮ್ಮ ಕಡೆಯ ಹಾಲ್‌ಗಳಲ್ಲಿ ಇದು ಸಾಮಾನ್ಯ. ಪೂರ್ತಿ ಲೋಡ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರ್‌ಗೆ ಸುಮಾರು 10 ಯೂನಿಟ್ ಶಕ್ತಿ, ಹಾಗಾಗಿ ಒಳಗೆ ಹೋಗುವುದು 270 ಕಿಲೋವಾಟ್. ಕರೆಂಟಾಗಿ ಬರುವುದು 100 ಮಾತ್ರ. ಉಳಿದದ್ದೆಲ್ಲ ಬಿಸಿ. ಹೆಚ್ಚಿನ ಪಾಲು ಸೈಲೆನ್ಸರ್ ಪೈಪಿನಲ್ಲೂ ರೇಡಿಯೇಟರ್‌ನಲ್ಲೂ ಹೊರಗೆ ಹೋಗುತ್ತದೆ. ಎಂಜಿನ್ ಮತ್ತು ಆಲ್ಟರ್ನೇಟರ್ ಮೈಯಿಂದ ಕೋಣೆಗೇ ಬಿಡುವುದು ಸುಮಾರು 20 ಕಿಲೋವಾಟ್. ಪೈಪಿಗೆ ಬಿಸಿ ತಡೆಯುವ ರಾಕ್‌ವೂಲ್ ಸುತ್ತದಿದ್ದರೆ ಇನ್ನೂ ಜಾಸ್ತಿ.

ಆ 20 ಕಿಲೋವಾಟ್ ಹೊತ್ತುಕೊಂಡು ಹೋಗಲು, ಗಾಳಿ 8 ಡಿಗ್ರಿ ಮಾತ್ರ ಏರಬೇಕಾದರೆ, ಸೆಕೆಂಡಿಗೆ 2 ಘನ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಈ ಗಾತ್ರದ ರೇಡಿಯೇಟರ್ ಫ್ಯಾನ್ ಎರಡೂವರೆಯಿಂದ ಮೂರು ಘನ ಮೀಟರ್ ಎಳೆಯುತ್ತದೆ. ಅಂದರೆ ಬೇರೆ ಫ್ಯಾನೇ ಬೇಡ. ಅದಕ್ಕೆ ದಾರಿ ಕೊಟ್ಟರೆ ಸಾಕು. ಎಂಜಿನ್ ಉರಿಸಲು ಬೇಕಾಗುವ ಗಾಳಿ ಇದರ ಮುಂದೆ ಬಹಳ ಕಡಿಮೆ.

ಗಾಳಿಯ ವೇಗ ಸೆಕೆಂಡಿಗೆ ಎರಡೂವರೆ ಮೀಟರ್ ಮೀರಬಾರದು, ಮೀರಿದರೆ ಮಳೆ ಹನಿಯನ್ನೂ ಎಳೆದುಕೊಂಡು ಬರುತ್ತದೆ. 3 ಘನ ಮೀಟರ್‌ಗೆ 1.2 ಚದರ ಮೀಟರ್ ಖಾಲಿ ಜಾಗ ಬೇಕು. ಲೂವರ್‌ನಲ್ಲಿ ಅರ್ಧದಷ್ಟು ಪಟ್ಟಿಯೇ ಇರುತ್ತದೆ. ಹಾಗಾಗಿ ಗೋಡೆಯಲ್ಲಿ 2.4 ಚದರ ಮೀಟರ್, ಅಂದರೆ ಒಂದೂವರೆ ಮೀಟರ್ ಅಗಲ, 1.6 ಮೀಟರ್ ಎತ್ತರ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಮೂರಡಿ ಚೌಕದ ಗ್ರಿಲ್. ಅದರ ಖಾಲಿ ಜಾಗ ಅರ್ಧ ಚದರ ಮೀಟರ್ ಕೂಡ ಇಲ್ಲ. ಮೇಲೆ ಸೊಳ್ಳೆ ಬಲೆ ಹಾಕಿದರೆ, ಅದಕ್ಕೆ ಅಡಿಕೆ ಸಿಪ್ಪೆಯ ಧೂಳು ಕೂತರೆ, ಕೇಳುವುದೇ ಬೇಡ. ಇಲಿ, ಬಾವಲಿ ತಡೆಯಲು ಅರ್ಧ ಇಂಚಿನ ವೆಲ್ಡ್ ಮೆಶ್ ಸಾಕು. ಸೊಳ್ಳೆಗೆ ಜನರೇಟರ್ ಕೋಣೆಯಲ್ಲಿ ಏನು ಕೆಲಸ?

ಜಾಗವೂ ಮುಖ್ಯ. ಗಾಳಿ ಆಲ್ಟರ್ನೇಟರ್ ಕಡೆಯಿಂದ, ಕೆಳಮಟ್ಟದಲ್ಲಿ ಬರಬೇಕು. ಆಮೇಲೆ ಆಲ್ಟರ್ನೇಟರ್, ಎಂಜಿನ್ ದಾಟಿ ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ಗ್ರಿಲ್ ರೇಡಿಯೇಟರ್ ಪಕ್ಕದ ಗೋಡೆಯಲ್ಲಿದ್ದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ. ಆಗ ಕೂಲೆಂಟ್ ಸರಿಯಾಗೇ ಇರುತ್ತದೆ, ಟ್ರಿಪ್ ಇಲ್ಲ, ಎಲ್ಲರೂ ಖುಷಿ. ಆದರೆ ಆಲ್ಟರ್ನೇಟರ್ ಮೂಲೆಯಲ್ಲಿ ಬೇಯುತ್ತಿರುತ್ತದೆ. ಮೂರನೇ ಥರ್ಮಾಮೀಟರ್ ಅಲ್ಲಿ ಇಡಲು ಹೇಳಿದ್ದು ಇದಕ್ಕೇ. ಸಾಮಾನ್ಯ ಆಲ್ಟರ್ನೇಟರ್‌ನ ರೇಟಿಂಗ್ 40 ಡಿಗ್ರಿ ಗಾಳಿಗೆ ಕೊಟ್ಟದ್ದು. ಬ್ರೇಕರ್‌ಗಳದ್ದೂ ಹೆಚ್ಚಾಗಿ ಅಷ್ಟೇ. ಲೋಡ್ ಜಾಸ್ತಿ ಇಲ್ಲದಿದ್ದರೂ ಬ್ರೇಕರ್ ಬೀಳುತ್ತಿದೆ, ವಾರ್ನಿಷ್ ವಾಸನೆ ಬರುತ್ತಿದೆ ಅಂದರೆ ಕೇಬಲ್ ಹುಡುಕುವ ಮೊದಲು ಈ ಮೂಲೆಯ ಬಿಸಿ ನೋಡಿ.

ಒತ್ತಡ ಸರಿ, ಗಾಳಿ ಮಾತ್ರ ಬಿಸಿ

ಗ್ರಿಲ್ ದೊಡ್ಡದಿದೆ, ನೀರಿನ ಅಂತರ ಒಂದೋ ಎರಡೋ ಮಿಲಿಮೀಟರ್. ಆದರೂ ಫ್ಯಾನ್ ಹಿಂದೆ 50 ಡಿಗ್ರಿ. ಇದು ಹೊರಗೆ ಹೋದ ಬಿಸಿ ಗಾಳಿ ವಾಪಸ್ ಬರುತ್ತಿರುವ ಲಕ್ಷಣ. ಊದುಬತ್ತಿ ಹಚ್ಚಿ ಉದ್ದ ಕೋಲಿನ ತುದಿಗೆ ಕಟ್ಟಿ, ರೇಡಿಯೇಟರ್ ಮತ್ತು ಗೋಡೆಯ ನಡುವಿನ ಸಂದಿಯ ಸುತ್ತ ತಿರುಗಿಸಿ. ಈ ಪರೀಕ್ಷೆ ಬಾಗಿಲು ತೆರೆದಿಟ್ಟೇ ಮಾಡಿ. ಡೀಸೆಲ್ ಟ್ಯಾಂಕ್, ಪೈಪಿನ ಹತ್ತಿರ ಕಿಡಿ ಒಯ್ಯಬೇಡಿ. ಹೊಗೆ ಎಂಜಿನ್ ಕಡೆಗೆ ಓಡಿದರೆ ಅಲ್ಲಿ ತೂತು ಇದೆ. ಎಷ್ಟೋ ಕಡೆ ಡಕ್ಟೇ ಇರುವುದಿಲ್ಲ. ರೇಡಿಯೇಟರ್ ಗೋಡೆಯ ಕಿಂಡಿಯಿಂದ ಒಂದಡಿ ದೂರ ನಿಂತಿರುತ್ತದೆ, ಗಾಳಿ ತಾನಾಗಿ ಹೊರಗೆ ಹೋಗುತ್ತದೆ ಅನ್ನುವ ನಂಬಿಕೆ. ಅರ್ಧ ಹೋಗುತ್ತದೆ, ಅರ್ಧ ತಿರುಗುತ್ತದೆ. ತಗಡಿನ ಡಕ್ಟ್ ಮಾಡಿಸಿ, ರೇಡಿಯೇಟರ್‌ಗೆ ಸೇರುವಲ್ಲಿ ಬೆಂಕಿ ಹಿಡಿಯದ ಕ್ಯಾನ್ವಾಸ್ ಪಟ್ಟಿ ಹಾಕಿಸಿ. ಕಿಂಡಿ ರೇಡಿಯೇಟರ್ ಕೋರ್‌ಗಿಂತ ಕಾಲು ಪಾಲಾದರೂ ದೊಡ್ಡದಿರಲಿ, ಲೂವರ್ ಇದ್ದರೆ ಇನ್ನೂ ದೊಡ್ಡದು.

ಒಳಗೆ ಸೋರಿಕೆ ಇಲ್ಲದಿದ್ದರೆ ಹೊರಗೆ ಬನ್ನಿ. ಬಿಸಿ ಗಾಳಿ ಬಿಡುವ ಕಿಂಡಿ ಮತ್ತು ಎಳೆಯುವ ಗ್ರಿಲ್ ಒಂದೇ ಇಕ್ಕಟ್ಟಿನ ಓಣಿಗೆ ತೆರೆದುಕೊಂಡಿರುತ್ತವೆ. ಪಕ್ಕದ ಕಾಂಪೌಂಡ್ ಗೋಡೆ ಬಿಸಿಯನ್ನು ಅಲ್ಲೇ ತಡೆದಿರುತ್ತದೆ. ಮೊದಲ ಥರ್ಮಾಮೀಟರ್ ಅನ್ನು ಗ್ರಿಲ್ ಹತ್ತಿರ ಒಮ್ಮೆ, ಅಂಗಳದ ಮರದ ನೆರಳಲ್ಲಿ ಒಮ್ಮೆ ಇಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಸರಿ, ಜೂನ್‌ನಲ್ಲಿ ಕೈಕೊಡುತ್ತದೆ

ಇದು ಕರಾವಳಿಯದ್ದೇ ವಿಶೇಷ ರೋಗ. ಮೇ ತಿಂಗಳ ಸೆಕೆಯಲ್ಲಿ ಓಡಿದ ಸೆಟ್ ಜೂನ್‌ನ ತಂಪಿನಲ್ಲಿ ಟ್ರಿಪ್ ಆಗುತ್ತದೆ. ಆಟಿ (ಜುಲೈ ಮಧ್ಯದಲ್ಲಿ ಶುರುವಾಗುವ ತುಳು ತಿಂಗಳು) ಬಂದ ಮೇಲೆ ನಮ್ಮವರ ಮದುವೆ ಇಲ್ಲ. ಹಾಗಾಗಿ ಹಾಲ್‌ಗಳ ದೂರು ಹೆಚ್ಚಾಗಿ ಜೂನ್, ಜುಲೈ ಮೊದಲ ಅರ್ಧದಲ್ಲೇ ಬರುತ್ತದೆ. ಕಾರಣ ಗಾಳಿ. ಬಿಸಿ ಗಾಳಿ ಬಿಡುವ ಕಿಂಡಿ ಪಶ್ಚಿಮಕ್ಕೆ, ಸಮುದ್ರದ ಕಡೆ ಮುಖ ಮಾಡಿದ್ದರೆ ಮುಂಗಾರಿನ ಗಾಳಿ ಅದಕ್ಕೆ ಎದುರು ಹೊಡೆಯುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಸುಮಾರು 6 ಮಿಲಿಮೀಟರ್ ನೀರಿನಷ್ಟು ಒತ್ತಡ ಹಾಕುತ್ತದೆ. ಫ್ಯಾನ್‌ಗೆ ಇರುವುದೇ 12 ಅಲ್ವಾ? ಅರ್ಧ ಅಲ್ಲೇ ಹೋಯಿತು. ಅದರ ಜೊತೆಗೆ ಮಳೆ ಅಂತ ಯಾರೋ ಗ್ರಿಲ್‌ಗೆ ಟರ್ಪಾಲು ಇಳಿಬಿಟ್ಟಿರುತ್ತಾರೆ.

ಪತ್ತೆ ಮಾಡಲು ಪೈಪಿನ ಒಂದು ತುದಿಯನ್ನು ಡಕ್ಟ್‌ನೊಳಗೆ, ಇನ್ನೊಂದನ್ನು ಕೋಣೆಯಲ್ಲಿ ಇಡಿ. ಗಾಳಿ ಬೀಸಿದಾಗಲೆಲ್ಲ ಅಂತರ ಏರಿದರೆ ಇದೇ ಕಾರಣ. ಪರಿಹಾರಕ್ಕೆ ಕಿಂಡಿಯ ಮುಂದೆ, ಅದರ ಎತ್ತರಕ್ಕಿಂತ ಕಡಿಮೆ ಅಂತರ ಇರದಂತೆ, ಒಂದು ತಡೆಗೋಡೆ ಕಟ್ಟಿ. ಗಾಳಿ ಮೇಲಕ್ಕೂ ಪಕ್ಕಕ್ಕೂ ಹೋಗಲು ಜಾಗ ಬಿಡಿ. ಹೊಸದಾಗಿ ಕಟ್ಟುವವರಾದರೆ ಪಶ್ಚಿಮದಿಂದ ಎಳೆದು ಪೂರ್ವಕ್ಕೆ ಬಿಡುವಂತೆ ಸೆಟ್ ಕೂರಿಸಿ. ಒಳಬರುವ ಲೂವರ್‌ಗೆ ದೊಡ್ಡ ಸಜ್ಜಾ ಹಾಕಿದರೆ ಮಳೆಯೂ ಬರುವುದಿಲ್ಲ, ಗಾಳಿಯೂ ನಿಮ್ಮ ಕಡೆಗೇ ಕೆಲಸ ಮಾಡುತ್ತದೆ.

ಕ್ಯಾನೋಪಿ ಸೆಟ್ಟಿಗೆ ಕೋಣೆ ಕಟ್ಟಿದವರು

ಸೈಲೆಂಟ್ ಕ್ಯಾನೋಪಿ, ಅಂದರೆ ಶಬ್ದ ತಡೆಯುವ ತಗಡಿನ ಪೆಟ್ಟಿಗೆ, ಇರುವ ಸೆಟ್ ಹೊರಗೆ ಇಡಲು ಮಾಡಿದ್ದು. ಅದಕ್ಕೆ ಮತ್ತೆ ಕೋಣೆ ಕಟ್ಟುವುದು ಕೊಡೆ ಹಿಡಿದವನ ಮೇಲೆ ಇನ್ನೊಂದು ಕೊಡೆ ಹಿಡಿದ ಹಾಗೆ. ಕ್ಯಾನೋಪಿಯೊಳಗಿನ ಶಬ್ದ ತಡೆಯುವ ತಡಿಕೆಗಳೇ ಫ್ಯಾನ್‌ನ ಶಕ್ತಿ ತಿಂದುಬಿಟ್ಟಿರುತ್ತವೆ. ಬಿಸಿ ಗಾಳಿ ಕ್ಯಾನೋಪಿಯಿಂದ ಹೊರಬಂದು ಸ್ಲ್ಯಾಬ್‌ಗೆ ತಾಗಿ ಮತ್ತೆ ಅದರ ಬಾಯಿಗೇ ಬರುತ್ತದೆ. ಸಾಧ್ಯವಿದ್ದರೆ ಗೋಡೆ ತೆಗೆದು, ಎತ್ತರದ ಶೀಟ್ ಮಾತ್ರ ಉಳಿಸಿಕೊಳ್ಳಿ. ಆಗದಿದ್ದರೆ ಗಿಡ್ಡ, ಅಗಲ ಡಕ್ಟ್‌ನಲ್ಲಿ ನೇರ ಹೊರಗೆ ಬಿಡಿ. ಡಕ್ಟ್ ಉದ್ದವಾದರೆ ಅದಕ್ಕೇ ಬೇರೆ ಫ್ಯಾನ್ ಬೇಕು.

ಕ್ಯಾನೋಪಿ ಇಲ್ಲದ ಸೆಟ್‌ಗೆ ಶಬ್ದದ ದೂರು ಬಂದಾಗ ಗ್ರಿಲ್ ಮುಚ್ಚುವುದು ಇನ್ನೊಂದು ರೂಢಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ ಕೋಣೆಯಿಂದ ಕನಿಷ್ಠ 25 ಡೆಸಿಬೆಲ್ ಶಬ್ದ ಇಳಿಯಬೇಕು ಅನ್ನುತ್ತದೆ, ನಿಜ. ಅದಕ್ಕೆ ಅಕೌಸ್ಟಿಕ್ ಲೂವರ್ ಹಾಕಿ, ಆದರೆ ಅದು ಜಾಗ ತಿನ್ನುವಷ್ಟು ಕಿಂಡಿಯನ್ನೂ ದೊಡ್ಡದು ಮಾಡಿ.

ಕಪ್ಪು ಹೊಗೆ ಇದ್ದರೆ

ಮೊದಲು ಏರ್ ಫಿಲ್ಟರ್‌ನ ಇಂಡಿಕೇಟರ್ ನೋಡಿ. ಕೆಂಪಾಗಿದ್ದರೆ ಫಿಲ್ಟರ್ ಬದಲಿಸಿ. ಸರಿ ಇದ್ದರೆ ಸೈಲೆನ್ಸರ್ ಪೈಪಿನ ಹಿಂದೊತ್ತಡ (ಹೊಗೆ ಹೊರಹೋಗಲು ಇರುವ ಅಡ್ಡಿ) ಅಳೆಸಿ. ಪಾದರಸದ 75 ಮಿಲಿಮೀಟರ್ ಅನೇಕ ಎಂಜಿನ್‌ಗಳ ಮಿತಿ, ನಿಮ್ಮದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕೋಣೆ ಮೂಲೆಯಲ್ಲಿದ್ದಾಗ ಪೈಪಿಗೆ ನಾಲ್ಕೈದು ಬೆಂಡ್ ಹಾಕಿ ಮೇಲೆ ಒಯ್ದಿರುತ್ತಾರೆ, ಆದರೆ ಪೈಪಿನ ವ್ಯಾಸ ಹೆಚ್ಚಿಸಿರುವುದಿಲ್ಲ. ಬೆಲ್ಲೋಸ್ ಜಾಯಿಂಟ್ (ಪೈಪಿನ ಬಗ್ಗುವ ಜೋಡಣೆ) ಸುತ್ತ ಕಪ್ಪು ಮಸಿ ಕಂಡರೆ ಅದು ಸೋರುತ್ತಿದೆ. ಆ ಸೆಟ್ಟನ್ನು ಸರಿ ಮಾಡುವವರೆಗೆ ಓಡಿಸಬೇಡಿ. ಪೈಪಿನ ಬಾಯಿ ಕಟ್ಟಡಕ್ಕಿಂತ ಎಷ್ಟು ಮೇಲಿರಬೇಕು ಅನ್ನುವುದಕ್ಕೂ ಮಂಡಳಿಯ ಲೆಕ್ಕ ಇದೆ: ಕೆವಿಎಯ ವರ್ಗಮೂಲಕ್ಕೆ 0.2ರಿಂದ ಗುಣಿಸಿ. 125 ಕೆವಿಎಗೆ ಸುಮಾರು ಎರಡೂಕಾಲು ಮೀಟರ್. ಅದಕ್ಕಿಂತ ತಗ್ಗಿನಲ್ಲಿ, ಗ್ರಿಲ್‌ನ ಹತ್ತಿರವೇ ಬಿಟ್ಟಿದ್ದರೆ ಹೊಗೆ ತಿರುಗಿ ಕೋಣೆಗೇ ಬಂದು ಫಿಲ್ಟರ್ ಕಟ್ಟುತ್ತದೆ.

ಸರಿ ಮಾಡಿದ ಮೇಲೆ

ಬಾಗಿಲು ಮುಚ್ಚಿ, ಪೂರ್ತಿ ಲೋಡ್‌ನಲ್ಲಿ, ಅಂಕಿಗಳು ಏರುವುದು ನಿಲ್ಲುವವರೆಗೆ ಓಡಿಸಿ. ಹೊರಗಿನ ಬಿಸಿ, ಫ್ಯಾನ್ ಹಿಂದಿನ ಬಿಸಿ, ಕೂಲೆಂಟ್, ನೀರಿನ ಅಂತರ, ಲೋಡ್ ಎಷ್ಟು ಆಂಪಿಯರ್, ತಾರೀಕು ಎಲ್ಲ ಬಾಗಿಲ ಒಳಬದಿಯಲ್ಲಿ ಪೇಂಟ್‌ನಲ್ಲಿ ಬರೆಸಿ. ನಿಲ್ಲಿಸುವಾಗ ಲೋಡ್ ತೆಗೆದು ಮೂರರಿಂದ ಐದು ನಿಮಿಷ ಖಾಲಿ ಓಡಿಸಿ ಆಮೇಲೆ ಆಫ್ ಮಾಡಿ. ಮುಂಗಾರು ಜೋರಾದ ಮೇಲೆ, ಪಶ್ಚಿಮದ ಗಾಳಿ ಹೊಡೆಯುವ ಒಂದು ದಿನ ನೋಡಿಕೊಂಡು, ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ.